ಮದಲಿಂಗ ಬಂದು ಹೋದ ಭಾನುವಾರ

ಅಥವಾ ಅದು ಭಾನುವಾರವೇ ಆಗಿರಲಿಲ್ಲವೋ ಏನೋ. ನಮ್ಮ ಪಕ್ಕದ ಟೀಚರ್ ಮನೆಗೆ ಬೀಗ ಬಿದ್ದಿತ್ತು ಅನ್ನುವುದಷ್ಟೇ ಗಟ್ಟಿ. ಶಾಲೆಯ ದಿನಗಳಲ್ಲಿ ಮಧ್ಯಾಹ್ನ ಊಟಕ್ಕೆ ಮನೆಗೆ ಬರುತ್ತಿದ್ದರು; ಬೆಳಗಿನಿಂದ ಸಂಜೆಯವರೆಗೆ ಅವರು ಬೀಗ ಹಾಕಿಕೊಂಡು ಹೋಗುತ್ತಿದ್ದದ್ದು ಭಾನುವಾರ ಮಾತ್ರ, ರೈಲು ಹತ್ತಿ ಕೆಂಗೇರಿಗೆ. ಅಲ್ಲಿ ಅವರ ಮತದ ನಾಲ್ಕಾರು ಮನೆಗಳಿದ್ದವು, ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಆದ್ದರಿಂದ ಭಾನುವಾರ. ನನ್ನ ನೆನಪಿಗೆ ಒಂದು ಬೀಗ ಸಿಕ್ಕರೆ ಸಾಕು, ಅದಕ್ಕೊಂದು ವಾರವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ಆವತ್ತು ಅವರನ್ನು ಕೇಳಿಕೊಂಡು ಬಂದವರ ಕೈಯಲ್ಲಿ ಛತ್ರಿ ಇತ್ತು ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಈಗ ಆ ಛತ್ರಿಯ ಮೇಲೆ ನಂಬಿಕೆ ಹೋಗಿದೆ.

ಐವತ್ತರ ದಶಕದ ನಡುವಿನ ಮಾತು. ರಾಜಾಜಿನಗರ ಇನ್ನೂ ಊರಾಗಿರಲಿಲ್ಲ. ಕಲ್ಲು ನೆಟ್ಟು ಗುರುತು ಮಾಡಿದ ರಸ್ತೆಗಳು, ಅರ್ಧಕ್ಕೆ ಎದ್ದ ಗೋಡೆಗಳು, ನಡುವೆ ಯಾರೋ ಬಿಡದೆ ಬಿತ್ತುತ್ತಿದ್ದ ರಾಗಿ ಹೊಲ. ಅಪ್ಪ ಬಟ್ಟೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಒಂದೇ ಹೆಂಚಿನ ಮಾಡಿನ ಕೆಳಗೆ ಎರಡು ಮನೆ: ಒಂದರಲ್ಲಿ ನಾವು, ಇನ್ನೊಂದರಲ್ಲಿ ಟೀಚರ್ ಒಬ್ಬರೇ. ನಡುವಿನ ಗೋಡೆ ಮಾಡಿನವರೆಗೆ ಏರಿರಲಿಲ್ಲ. ನಮ್ಮ ಒಗ್ಗರಣೆ ಅವರಿಗೆ ಹೋಗುತ್ತಿತ್ತು, ಅವರ ಪ್ರಾರ್ಥನೆ ನಮಗೆ ಬರುತ್ತಿತ್ತು.

ಟೀಚರಿಗೆ ಮೂವತ್ತೈದು ದಾಟಿತ್ತು. ತುಮಕೂರಿನ ಕಡೆಯ ಕ್ರೈಸ್ತರು. ಯುದ್ಧದ ಕಾಲದಲ್ಲಿ ಒಬ್ಬರ ಜೊತೆ ನಿಶ್ಚಯವಾಗಿತ್ತಂತೆ. ಅವರು ಮಿಲಿಟರಿಗೆ ಸೇರಿದರು, ಎರಡು ವರ್ಷ ಕಾಗದ ಬಂತು, ಆಮೇಲೆ ನಿಂತಿತು. ಸತ್ತರೆಂಬ ಸುದ್ದಿಯೂ ಬರಲಿಲ್ಲ. ನನಗಿದನ್ನು ಅವರು ಹೇಳಿದ್ದು ಒಂದೇ ಸಲ, ತಲೆ ಎತ್ತದೆ, ಕ್ರೋಶಾ ಕಡ್ಡಿಯಲ್ಲಿ ಹೆಣಿಗೆಯ ಮನೆ ಎಣಿಸುತ್ತಾ. ನನಗೆ ಹದಿನಾರು. ಶಾಲೆ ಬಿಡಿಸಿದ್ದರು. ಗಂಡು ನೋಡುತ್ತಿದ್ದರು. ಸಂಜೆ ಹೆಣಿಗೆ ಕಲಿಯುವ ನೆಪದಲ್ಲಿ ಆ ಮನೆಗೆ ಹೋಗಿ ಕೂರುತ್ತಿದ್ದೆ.

ನಮ್ಮ ಸಾಲಿಗೆ ಕರೆಂಟು ಬಂದಿರಲಿಲ್ಲ. ಟೀಚರ್ ಲಾಟೀನಿನ ಗಾಜು ಒರೆಸಿ, ಬತ್ತಿ ಏರಿಸಿ, ಧರ್ಮಪುಸ್ತಕ ತೆರೆದು ಗಟ್ಟಿಯಾಗಿ ಓದುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ಮದುವೆಯ ಕಥೆಗಳು. ಮಗನ ಮದುವೆಯ ಊಟ ಸಿದ್ಧಮಾಡಿ ಕರೆದವರು ಬಾರದೆ, ಬೀದಿಯಲ್ಲಿ ಸಿಕ್ಕವರನ್ನೆಲ್ಲ ಕರೆತರಿಸಿದ ರಾಜ. ಅಲ್ಲಿಗೆ ಮದುವೆಯ ಬಟ್ಟೆ ಉಡದೆ ಬಂದು ಹೊರಗೆ ಹಾಕಿಸಿಕೊಂಡವನು. ಮದುವೆಯ ಗಂಡು ಬರುವುದನ್ನು ದೀಪ ಹಿಡಿದು ಕಾದ ಹತ್ತು ಮಂದಿ ಕನ್ಯೆಯರು. ಪರಲೋಕರಾಜ್ಯ ಅಂದರೆ ಇಂಥದ್ದು ಎಂದು ಯೇಸುಸ್ವಾಮಿ ಹೇಳಿದ ಕಥೆಗಳಿವು.

ನಮ್ಮ ಮನೆಯಲ್ಲಿ ಪರಲೋಕ ಅಂದರೆ ಹೆಣ ಎತ್ತಿದಂತೆ. ಅಮ್ಮ ಗೋಡೆಯ ಮೇಲಿಂದಲೇ ಕೂಗಿ, ದೀಪ ಹಚ್ಚೋ ಹೊತ್ತಲ್ಲಿ ಆ ಮಾತು ಬೇಡಿ ಟೀಚರಮ್ಮ ಎಂದಿದ್ದರು.

"ಸಾವಲ್ಲ ರೀ, ಮದುವೆ ಮನೆ," ಎಂದು ಟೀಚರ್ ಆಚೆಯಿಂದ ಅಂದರು.

"ಯಾರ ಮನೇದು?"

ಟೀಚರ್ ನಕ್ಕುಬಿಟ್ಟರು.

ಹತ್ತು ಕನ್ಯೆಯರಲ್ಲಿ ಐವರ ಬಳಿ ಎಣ್ಣೆ ತೀರುತ್ತದೆ, ಉಳಿದ ಐವರು ಕೊಡುವುದಿಲ್ಲ, ಎಣ್ಣೆ ತರಲು ಹೋಗಿ ಬರುವಷ್ಟರಲ್ಲಿ ಗಂಡು ಬಂದು ಮದುವೆ ಮನೆಯ ಬಾಗಿಲು ಮುಚ್ಚಿರುತ್ತದೆ. ಒಂದು ಬಟ್ಟಲು ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಸಿಡುಕಿದೆ. ಅಮ್ಮ ಮಾತ್ರ ಎಣ್ಣೆ ಕೊಡದ ಜಾಣೆಯರ ಕಡೆ.

"ಯಾರಾದ್ರೂ ಕೊಡ್ತಾರೇನೆ? ದೀಪ ಹಚ್ಚಿದ್ಮೇಲೆ ಎಣ್ಣೆ ಆಚೆ ಕಳಿಸಿದ್ರೆ ಲಕ್ಷ್ಮೀನೂ ಜೊತೇಲೇ ಹೊಂಟೋಗ್ತಾಳೆ. ಆ ಐದು ಜನ ನಮ್ಮ ಪೈಕಿಯೋರೇ ಇರ್ಬೇಕು ಕಣೇ."

ಟೀಚರ್ ಇದನ್ನು ಮುಂದಿನ ವಾರ ಕೆಂಗೇರಿಯಲ್ಲಿ ಹೇಳಿ ಎಲ್ಲರನ್ನೂ ನಗಿಸಿದರಂತೆ.

ಈಗ ಆ ಶಬ್ದಕ್ಕೆ ಬರಬೇಕು. ಆ ಪುಸ್ತಕದಲ್ಲಿ ಮದುವೆಯ ಗಂಡಿಗೆ ಮದಲಿಂಗ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಮಾತು ಬಳಕೆಯಲ್ಲಿರಲಿಲ್ಲ; ನಮಗೆ ಗಂಡು, ಹೆಣ್ಣು, ಅಷ್ಟೇ. ಲಿಂಗ ಎಂದು ಮುಗಿಯುವ ಹೆಸರಿನವರು ನಮ್ಮ ಬೀದಿಯಲ್ಲೇ ಮೂವರಿದ್ದರು. ಗೋಡೆಯಾಚೆ ಸಂಜೆಯಾದರೆ ಮದಲಿಂಗ ತಡಮಾಡಿದ, ಮದಲಿಂಗ ಬರುತ್ತಾನೆ, ಎಚ್ಚರವಾಗಿರಬೇಕು ಎಂಬ ಓದು. ಅಮ್ಮ ಒಂದು ದಿನ ರುಬ್ಬುತ್ತಾ ಕೇಳಿದರು: "ಆ ಮದಲಿಂಗ ಅನ್ನೋನು ಲಿಂಗಾಯ್ತರ ಹುಡುಗನೇನೆ?"

ನಾನು ನಕ್ಕೆ. ಅರ್ಥ ಬಿಡಿಸಿ ಹೇಳಲಿಲ್ಲ. ನನ್ನಿಂದ ಕೇಳಿದ್ದ ಆ ಮಿಲಿಟರಿಗೆ ಹೋದವರ ಹೆಸರೇ ಅದು ಎಂದು ಅಮ್ಮ ತೀರ್ಮಾನಿಸಿದ್ದರು, ನನಗೆ ಅದು ಹಿತವಾಗಿತ್ತು. ಟೀಚರ್ ಹೆಸರು ಹೇಳದಿದ್ದವರಿಗೆ ನಮ್ಮ ಅಡುಗೆಮನೆಯಲ್ಲಿ ಒಂದು ಹೆಸರು ಸಿಕ್ಕಿತ್ತು. ಪಾಪ, ಮದಲಿಂಗ ಎಲ್ಲಿದಾನೋ ಎಂದು ಅಮ್ಮ ಸೊಪ್ಪು ಬಿಡಿಸುತ್ತಾ ನಿಜವಾಗಿಯೂ ಮರುಗುತ್ತಿದ್ದರು.

ಟೀಚರ್ ಒಮ್ಮೆ ಟ್ರಂಕು ತೆರೆದು ನನಗೆ ಬಿಳಿ ರೇಷ್ಮೆ ಸೀರೆ ತೋರಿಸಿದರು. ಅವರಲ್ಲಿ ಮದುವೆಗೆ ಹೆಣ್ಣು ಬಿಳಿ ಉಡುತ್ತಾಳೆ. ಮಡಿಕೆಗಳಲ್ಲಿ ನುಸಿಗುಳಿಗೆ. "ಬಟ್ಟೆ ಇಲ್ಲ ಅಂತ ನನ್ನನ್ನ ಯಾರೂ ಹೊರಗೆ ಹಾಕೋ ಹಾಗಿಲ್ಲ ಕಣೇ," ಎಂದು ಮುಚ್ಚಳ ಹಾಕಿದರು. ಯಾವ ಮದುವೆಯ ಮಾತು ಅದು, ಪುಸ್ತಕದ್ದೋ ಅವರದ್ದೋ, ನಾನು ಕೇಳಲಿಲ್ಲ. ಮನೆಗೆ ಬಂದು ಅಮ್ಮನಿಗೆ ಸೀರೆಯ ವಿಷಯ ಹೇಳಿದೆ.

ಆ ಭಾನುವಾರ ಅಮ್ಮ ಜಗುಲಿಯ ಮೇಲೆ ಮೆಣಸಿನಕಾಯಿ ಹರವುತ್ತಿದ್ದರು. ನಾನು ಹೊಸ್ತಿಲೊಳಗೆ ನಿಂತಿದ್ದೆ. ಮಾಗಡಿ ರಸ್ತೆಯ ಕಡೆಯಿಂದ ಒಬ್ಬರು ನಡೆದು ಬಂದರು. ನಲವತ್ತರ ಹತ್ತಿರ, ಕಿವಿಯ ಪಕ್ಕ ನರೆ, ಷರಾಯಿಯ ಅಂಚಿಗೆ ಕೆಂಪು ಧೂಳು. ಬೀಗ ನೋಡಿದರು. ಟೀಚರ್ ಇಲ್ಲವೇ ಎಂದು ಅಮ್ಮನನ್ನು ಕೇಳಿದರು. ಕೆಂಗೇರಿಗೆ ಹೋಗವ್ರೆ, ಸಂಜೆಗೆ ಬತ್ತಾರೆ ಎಂದ ಅಮ್ಮ, ಅವರನ್ನೊಮ್ಮೆ ಪೂರ್ತಿ ನೋಡಿದರು.

"ನೀವು ಮದಲಿಂಗಾನಾ?"

"ಏನಂದ್ರಿ?"

"ಅಲ್ಲ, ಟೀಚರಮ್ಮ ಮದಲಿಂಗ ಬರ್ತಾನೆ ಅಂತ ದಿನಾ ಕಾಯ್ತಾವ್ರೆ. ಸೀರೆನೂ ತೆಗೆದಿಟ್ಟವ್ರೆ. ಅದಕ್ಕೆ ಕೇಳ್ದೆ."

ಅವರು ಮತ್ತೆ ಬೀಗದ ಕಡೆ ನೋಡಿದರು. ಅಮ್ಮ ಕೇಳಿದ್ದು ಒಂದು ಹೆಸರನ್ನು. ಅವರಿಗೆ ಕೇಳಿಸಿದ್ದು, ಅವರೂ ಆ ಪುಸ್ತಕದವರಾಗಿದ್ದರೆ, ಇನ್ನೊಂದು: ಈ ಮನೆಯ ಹೆಣ್ಣಿಗೆ ಮದುವೆ ಗೊತ್ತಾಗಿದೆ, ಗಂಡು ಬರುವುದಿದೆ, ಸೀರೆಯೂ ತಂದಾಗಿದೆ.

"ಇಲ್ಲಮ್ಮ, ನಾನಲ್ಲ," ಎಂದರು. "ಒಳ್ಳೇದಾಗ್ಲಿ ಅವರಿಗೆ."

ಅಮ್ಮ ನೀರು ಕೊಟ್ಟರು. ಚೊಂಬು ಎತ್ತಿ ಕುಡಿದು, ಕೆಳಗಿಟ್ಟು, ಬಂದ ದಾರಿಯಲ್ಲೇ ಹೋದರು. ರಾಗಿ ಹೊಲದ ತಿರುವಿನವರೆಗೆ ಅವರ ಬೆನ್ನು ಕಾಣುತ್ತಿತ್ತು. ಓಡಿ ಹೋಗಿ ಒಂದು ಮಾತು ಹೇಳುವಷ್ಟು ಹೊತ್ತು ಖಂಡಿತ ಇತ್ತು.

ಇಲ್ಲಿ ನನ್ನ ಬಳಿ ಎರಡು ನೆನಪುಗಳಿವೆ, ಎರಡೂ ಒಂದೇ ಬಣ್ಣದವು. ಒಂದರಲ್ಲಿ ನನಗೆ ಏನೂ ಹೊಳೆದಿಲ್ಲ. ಆ ಶಬ್ದ ಬಂದವರಿಗೆ ಹೇಗೆ ಕೇಳಿಸಿರಬೇಕು ಎಂಬುದು ರಾತ್ರಿ ಮಲಗಿದಾಗ ತಟ್ಟನೆ ಹೊಳೆಯುತ್ತದೆ. ಇನ್ನೊಂದರಲ್ಲಿ ಅಮ್ಮನ ಬಾಯಿಂದ ಮಾತು ಬಿದ್ದ ಕ್ಷಣವೇ ನನಗೆ ಗೊತ್ತಾಗಿದೆ. ಬಾಗಿಲ ಚೌಕಟ್ಟು ಹಿಡಿದುಕೊಂಡು ಸುಮ್ಮನೆ ನಿಂತಿದ್ದೇನೆ, ಯಾಕೆಂದರೆ ಅವರು ಬಂದರೆ ಟೀಚರ್ ಹೋಗುತ್ತಾರೆ. ಆ ಲಾಟೀನು, ಆ ಓದು, ಗಂಡು ನೋಡುವವರ ಮಾತು ಬಾರದ ಆ ಒಂದು ಗಂಟೆ, ಎಲ್ಲವೂ ಹೋಗುತ್ತದೆ. ಮೊದಲನೆಯದನ್ನು ನಾನು ಜನರಿಗೆ ಹೇಳುತ್ತೇನೆ.

ಸಂಜೆ ಟೀಚರ್ ಬಂದಾಗ, ಯಾರೋ ಬಂದು ನೀರು ಕುಡ್ಕೊಂಡು ಹೋದ್ರು ಎಂದು ಅಮ್ಮ ಹೇಳಿದರು. ಹೇಗಿದ್ದರು ಎಂದರೆ, ಹೆಂಗಿರ್ತಾರೆ, ಮನುಷ್ಯರಿದ್ದಂಗಿದ್ರು ಅಂದರು. ಮದಲಿಂಗ ಅಲ್ಲ ಎಂದು ಬಂದವರೇ ಹೇಳಿದ ಮೇಲೆ ಅಮ್ಮನಿಗೆ ಅವರಲ್ಲಿ ಆಸಕ್ತಿ ಉಳಿದಿರಲಿಲ್ಲ. ಟೀಚರ್ ನನ್ನ ಕಡೆ ತಿರುಗಿದರು.

"ಹೆಸರು ಹೇಳಿದ್ರಾ?"

"ಇಲ್ಲ," ಎಂದೆ. ಅದು ನಿಜ. ಉಳಿದದ್ದನ್ನು ಹೇಳಲಿಲ್ಲ.

ಮುಂದಿನ ಭಾನುವಾರ ಟೀಚರ್ ಕೆಂಗೇರಿಗೆ ಹೋಗಲಿಲ್ಲ. ಅದರ ಮುಂದಿನದೂ ಇಲ್ಲ. ಬಾಗಿಲು ತೆರೆದಿಟ್ಟು, ರಸ್ತೆ ಕಾಣುವಂತೆ ಕುರ್ಚಿ ಹಾಕಿಕೊಂಡು ಹೆಣೆಯುತ್ತಾ ಕೂತಿರುತ್ತಿದ್ದರು. ನಾನೂ ಪಕ್ಕದಲ್ಲಿ ಕೂತೆ. ನನಗೆ ಬೇಕಾಗಿದ್ದದ್ದು ಅದೇ ತಾನೇ, ಅವರ ಪಕ್ಕ ಕೂರುವುದು. ಹೊಲದ ತಿರುವಿನಲ್ಲಿ ಯಾರದಾದರೂ ತಲೆ ಕಂಡರೆ ಅವರ ಕಡ್ಡಿ ನಿಲ್ಲುತ್ತಿತ್ತು, ನನ್ನದೂ ನಿಲ್ಲುತ್ತಿತ್ತು. ಎಷ್ಟು ಭಾನುವಾರ ಹಾಗೆ ಕೂತೆವೋ. ಒಂದು ವಾರ ಅವರು ಚೀಲ ಹಿಡಿದು ಮತ್ತೆ ರೈಲಿಗೆ ಹೋದರು.

ಮರುವರ್ಷ ನನಗೆ ಮದುವೆಯಾಯಿತು. ಟೀಚರ್ ಆ ಬಿಳಿ ಸೀರೆ ಉಟ್ಟು ಬಂದರು. ಚಪ್ಪರದ ಕೆಳಗೆ ನುಸಿಗುಳಿಗೆಯ ವಾಸನೆ ಅವರಿಗಿಂತ ಮೊದಲು ಬಂತು. ಶುಭಕಾರ್ಯಕ್ಕೆ ಬಿಳಿ ಉಟ್ಟುಕೊಂಡು ಬಂದವರ್ಯಾರು ಎಂದು ಗಂಡಿನ ಕಡೆಯ ಹೆಂಗಸರು ಪಿಸುಗುಟ್ಟಿದಾಗ ಅಮ್ಮ ಎಲ್ಲರಿಗೂ ಕೇಳುವಂತೆ, "ಅದು ಅವರಲ್ಲಿ ಮದುವೆ ಸೀರೆ ಕಣ್ರೀ," ಎಂದರು. ಟೀಚರ್ ನನಗೆ ಅಕ್ಷತೆ ಹಾಕಿ, ಗಲ್ಲ ಮುಟ್ಟಿ, ಪಂಕ್ತಿಯಲ್ಲಿ ಕೂತು ಉಂಡು ಹೋದರು. ಕಾಯುವುದನ್ನು ಬಿಟ್ಟಿದ್ದಕ್ಕೆ ಅದನ್ನು ಉಟ್ಟರೋ, ಮದುವೆಗೆ ಮದುವೆಯ ಬಟ್ಟೆಯಲ್ಲೇ ಬರಬೇಕು ಎಂಬ ಅವರ ಕಥೆಗೆ ಉಟ್ಟರೋ. ಕೇಳಬಹುದಿತ್ತು. ತಲೆ ತಗ್ಗಿಸಿ ಕೂತಿದ್ದೆ. ಮುಂದೆ ಅವರಿಗೆ ಬೇರೆ ಊರಿಗೆ ವರ್ಗವಾಯಿತು.

ಆವತ್ತು ಬಂದವರು ಯಾರು, ನನಗೆ ಗೊತ್ತಿಲ್ಲ. ಶಾಲೆಯ ಕೆಲಸಕ್ಕೆ ಬಂದ ಯಾರೋ ಆಗಿರಬಹುದು. ಬಾಗಿಲಲ್ಲಿ ನಿಂತಿದ್ದ ನನಗೆ ಆಗಲೇ ಎಲ್ಲ ಅರ್ಥವಾಗಿತ್ತೇ ಅನ್ನುವುದೂ ಗೊತ್ತಿಲ್ಲ.