ಹಲಗೆ ದಾಟದ ತೋಟಾ

ಮಂಡಿಪೇಟೆಯ ಮೆಕ್ಕೆಜೋಳದ ವರ್ತಕ ಕರಿಬಸವರಾಜಪ್ಪನವರು ಬಂದೂಕಿನ ತೋಟಾವನ್ನೂ ಕಾಳಿನ ಹಾಗೆಯೇ ಪರೀಕ್ಷಿಸುತ್ತಾರೆ: ಅಂಗೈಯಲ್ಲಿಟ್ಟು ತೂಗುತ್ತಾರೆ, ಕಿವಿಯ ಹತ್ತಿರ ಅಲುಗಿಸುತ್ತಾರೆ, ಮೂಸಿ ನೋಡಿ "ತೇವ ಐತೆ" ಎಂದು ಅಂಗಡಿಯವನಿಗೆ ವಾಪಸು ಕೊಡುತ್ತಾರೆ. ಓಣಿಯಲ್ಲಿ ಕಳ್ಳತನವಾದ ಮೇಲೆ ಲೈಸೆನ್ಸ್ ಮಾಡಿಸಿ ತಂದ ಅವರ ಜೋಡುನಳಿಗೆ ಬಂದೂಕು, ಮೇಲಿಂದ ಮೇಲೆ ಬರುವ ಚುನಾವಣೆಗಳಿಗೆಲ್ಲ ಪೊಲೀಸರಿಗೆ ಒಪ್ಪಿಸಬೇಕಾದ್ದರಿಂದ, ಮನೆಯಲ್ಲಿದ್ದದ್ದಕ್ಕಿಂತ ಠಾಣೆಯಲ್ಲಿದ್ದದ್ದೇ ಹೆಚ್ಚು. ಇರುವೆ ಕಂಡರೂ ಕಾಲು ಎತ್ತಿಡುವ ಇವರು ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಹಚ್ಚಿ ಕೈಮುಗಿಯುತ್ತಾರೆ. ಆದರೆ ತೋಟಾದೊಳಗಿನ ಸೀಸದ ಗುಂಡು, ಅಂದರೆ ಚರೆ, ದಪ್ಪದ್ದು ಒಳ್ಳೆಯದೋ ಸಣ್ಣದೋ ಎಂಬುದನ್ನು ಇನ್ನೊಬ್ಬರ ಬಾಯಿಂದ ಕೇಳಿ ನಂಬುವವರಲ್ಲ. ಗುತ್ತೂರಿನ ಹೊಲದಲ್ಲಿ ಮಣ್ಣಿನ ದಿಬ್ಬದ ಮುಂದೆ ಹಲಗೆ ನಿಲ್ಲಿಸಿ ಒಂದೊಂದು ಬಗೆಯನ್ನೂ ಹಾರಿಸಿ ನೋಡುತ್ತಾರೆ. "ಕಳ್ಳಂಗೂ ಮೊದ್ಲು ಸ್ಯಾಂಪಲ್ ತೋರಿಸ್ತೀರೇನ್ರಿ ಸಾವ್ಕಾರ್ರೆ?" ಎಂದು ಆಳು ಕಲ್ಲಪ್ಪ ನಗುತ್ತಾನೆ. ಅವರು ನಗುವುದಿಲ್ಲ, ಹಲಗೆಯ ಮುಂಭಾಗ ನೋಡದೆ ಹಿಂದಕ್ಕೆ ಹೋಗಿ ತೂತುಗಳ ಮೇಲೆ ಬೆರಳಾಡಿಸುತ್ತಾರೆ. ಮನೆಯಲ್ಲಿ ನಡುಮನೆಗೂ ಮಗಳು ಕೃತಿಕಾಳ ಕೋಣೆಗೂ ನಡುವೆ ಇರುವುದು ಅಂಥದೇ ಹಲಗೆಯ ಗೋಡೆ. "ಕಳ್ಳಂಗೆ ತಾಗ್ಬೇಕು, ಇದನ್ನ ದಾಟ್ಬಾರ್ದು. ಅಂಥಾದ್ದು ಐತೇನೋ?" ಎಂದು ಕಲ್ಲಪ್ಪನನ್ನು ಕೇಳುತ್ತಾರೆ. ಮೊನ್ನೆ ದಪ್ಪ ಚರೆ ದಾಟಿತು, ನಡುವಿನದು ದಾಟಿತು, ಹಕ್ಕಿ ಹೊಡೆಯುವ ಸಣ್ಣ ಚರೆಯೂ ದಾಟಿತು. ಅಂದು ಸಂಜೆ ಮನೆಗೆ ಬಂದವರೇ, ಬೀದಿ ಕಡೆಯ ಕೋಣೆಯಲ್ಲಿದ್ದ ತಮ್ಮ ಮಂಚವನ್ನು ನಡುಮನೆಗೆ ಎಳೆದು ಆ ಹಲಗೆ ಗೋಡೆಗೆ ಆನಿಸಿದರು. "ಇಲ್ಲ್ಯಾಕ್ರಿ, ಬಾಗ್ಲಿಗೆ ಎದುರಿಗೆ?" ಎಂದರು ಹೆಂಡತಿ ಗುರುಶಾಂತಮ್ಮ. "ಇನ್ಮ್ಯಾಲೆ ನಾನು ಗುರಿ ಇಟ್ರೆ ಕೂಸು ಬೆನ್ನ ಹಿಂದೆ ಇರ್ತೈತೆ," ಎಂದು ಅವರು ಹಾಸಿಗೆ ಬಿಡಿಸಿದರು.