ಮೂವತ್ತು ಸೆಕೆಂಡಿನ ಅಕ್ಕನ ಮನೆಯ ರೌಟರ್

ನಮ್ಮ ಕಸ್ಟಮರ್ ಕೇರ್ ಆಫೀಸಿನಲ್ಲಿ ಅವರಿಗೆ ಮೂವತ್ತು ಸೆಕೆಂಡಿನ ಅಕ್ಕ ಎಂದೇ ಹೆಸರು. ಇಂಟರ್ನೆಟ್ ಬರುತ್ತಿಲ್ಲ ಎಂದು ಫೋನಿನಲ್ಲಿ ಕೂಗಾಡುವವರಿಗೆಲ್ಲ "ರೌಟರ್ ಆಫ್ ಮಾಡಿ, ಮೂವತ್ತು ಸೆಕೆಂಡ್ ಬಿಡಿ, ಆನ್ ಮಾಡಿ" ಎಂದು ಹನ್ನೊಂದು ವರ್ಷ ಹೇಳಿ ಹೇಳಿ ಆ ಮಾತು ಅಕ್ಕನ ನಾಲಗೆಗೆ ಅಂಟಿಕೊಂಡುಬಿಟ್ಟಿತ್ತು. ಊಟಕ್ಕೆ ಕರೆದರೂ "ಮೂವತ್ತು ಸೆಕೆಂಡ್ ಬಿಡಿ, ಬಂದೆ" ಅನ್ನುತ್ತಿದ್ದರು.

ನನಗೆ ಕೆಲಸ ಕಲಿಸಿದವರೂ ಅವರೇ. ಮೊದಲ ದಿನವೇ ಹೆಡ್‌ಫೋನನ್ನು ನನ್ನ ತಲೆಗೆ ಸಿಕ್ಕಿಸುತ್ತ ಹೇಳಿದ್ದರು: "ನೋಡು, ಗಿರಾಕಿಗಳು ಸುಳ್ಳು ಹೇಳಲ್ಲ. ಎದ್ದು ಹೋಗಿ ನೋಡಲ್ಲ, ಅಷ್ಟೆ. ಪ್ಲಗ್ ಸರಿಯಾಗಿದೆಯಾ ಅಂತ ಯಾವತ್ತೂ ಕೇಳ್ಬೇಡ. ಅಡಾಪ್ಟರ್ ಕಿತ್ತು, ಅದರ ಚೀಟಿ ಮೇಲಿರೋ ಕೊನೇ ನಾಲ್ಕು ಅಂಕಿ ಓದಿ ಅನ್ನು. ಆಗ ಸೋಫಾ ಬಿಟ್ಟು ಏಳ್ತಾರೆ." ಆ ಅಂಕಿಗಳಿಂದ ನಮಗೆ ಏನೇನೂ ಉಪಯೋಗವಿಲ್ಲ. ಆದರೆ ಕಿತ್ತದ್ದನ್ನು ಮತ್ತೆ ಒತ್ತಿ ಸಿಕ್ಕಿಸುವಾಗ ಅರ್ಧಕ್ಕರ್ಧ ದೂರುಗಳು ಅಲ್ಲೇ ಮುಗಿದುಹೋಗುತ್ತವೆ.

ಅಂಥ ಅಕ್ಕನ ಮನೆಯ ರೌಟರೇ ಕೈಕೊಡತೊಡಗಿತು. ಅದೂ ಹೊತ್ತಲ್ಲದ ಹೊತ್ತಿನಲ್ಲಿ. ಅವರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟಕ್ಕೆ ಆಪರೇಷನ್ ಆಗಿತ್ತು. ಗಂಡ ಲಾರಿ ಓಡಿಸುವವರು, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುವುದಿಲ್ಲ. ಅಕ್ಕ ಸಾಹೇಬರ ಕೈಕಾಲು ಹಿಡಿದು ಮನೆಯಿಂದಲೇ ಕೆಲಸ ಮಾಡುವ ಅನುಮತಿ ಪಡೆದಿದ್ದರು. ಷರತ್ತು ಒಂದೇ: ಒಂದು ವಾರದಲ್ಲಿ ಐದು ಸಲ ಲೈನ್ ಕಡಿದರೆ ಮರುದಿನದಿಂದ ಆಫೀಸಿಗೆ ಬರಬೇಕು. ಆ ವಾರ ಬುಧವಾರಕ್ಕೇ ನಾಲ್ಕು ಸಲ ಕಡಿದಿತ್ತು. ಇನ್ನೊಂದು ಸಲವಾದರೆ ಹಗಲು ಹೊತ್ತು ಅತ್ತೆಯನ್ನು ನೋಡಿಕೊಳ್ಳಲು ಯಾರೂ ಇರುತ್ತಿರಲಿಲ್ಲ.

ಬುಧವಾರ ಮಧ್ಯಾಹ್ನ ಮೂರೂಕಾಲಿಗೆ ಅಕ್ಕ ಮೊಬೈಲಿನಿಂದ ನಮ್ಮ ಸಹಾಯವಾಣಿಗೇ ಫೋನ್ ಮಾಡಿದರು. ಆ ಕರೆ ನನ್ನ ಪಾಲಿಗೆ ಬಂತು. ನಿಜ ಹೇಳಬೇಕೆಂದರೆ, ನನಗೆ ಒಳಗೊಳಗೇ ಖುಷಿಯಾಯಿತು. ಗುರುವನ್ನೇ ಪರೀಕ್ಷೆಗೆ ಕೂರಿಸುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

"ನಮಸ್ಕಾರ, ನಿಮಗೆ ಹೇಗೆ ಸಹಾಯ ಮಾಡಲಿ?" ಎಂದು ರಾಗ ಎಳೆದೆ.

"ಲೇ, ನಾನೇ ಕಣೇ! ನಾಟಕ ಸಾಕು. ರೌಟರಿಗೆ ಕರೆಂಟೇ ಹೋಗಿ ಹೋಗಿ ಬರ್ತಿದೆ."

ನನ್ನ ಪರದೆಯೂ ಅದನ್ನೇ ಹೇಳುತ್ತಿತ್ತು. ನಿನ್ನೆ, ಇವತ್ತು ಎರಡೂ ದಿನ ಬೆಳಿಗ್ಗೆ ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ. ಕರೆಗಳು ಮುಗಿಬೀಳುವ ಹೊತ್ತು. ಸದ್ಯಕ್ಕೆ ಮಾತ್ರ ಲೈನ್ ಇದೆ ಎನ್ನುವ ಹಸಿರು ಚುಕ್ಕೆ ಇತ್ತು.

"ಪ್ಲಗ್ಗು?"

"ನೋಡಿದೀನಿ."

"ಬೋರ್ಡು?"

"ಅದೂ ನೋಡಿದೀನಿ. ಮನೇಲಿ ಫ್ಯಾನ್ ತಿರುಗ್ತಾನೇ ಇರುತ್ತೆ, ಇದಕ್ಕೆ ಮಾತ್ರ ಏನು ಬಂತು ರೋಗ? ಹೊಸ ಅಡಾಪ್ಟರ್ ಕಳಿಸು, ಮುಗೀತು."

"ಕಳಿಸೋಣ. ಹಳೇದರ ಕೊನೇ ನಾಲ್ಕು ಅಂಕಿ ಓದಿ ಅಕ್ಕ."

"ನಾಲ್ಕು ನಾಲ್ಕು ಒಂದು ಏಳು."

ಥಟ್ಟನೆ ಬಂತು ಉತ್ತರ. ನಾನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡೆ. ನಾಲ್ಕು ನಾಲ್ಕು ಒಂದು ಏಳು ನಮ್ಮ ತರಬೇತಿ ಪುಸ್ತಕದ ಚಿತ್ರದಲ್ಲಿರುವ ಅಡಾಪ್ಟರಿನ ನಂಬರು. ಅದನ್ನು ಹೊಸಬರಿಗೆಲ್ಲ ತೋರಿಸುತ್ತ ಬಂದವರು ಇದೇ ಅಕ್ಕ.

"ಅದು ಪುಸ್ತಕದ್ದು ಅಕ್ಕಾ. ಎದ್ದು ಹೋಗಿ ನೋಡಿದ್ರಾ?"

ಆ ಕಡೆ ಕುರ್ಚಿ ಸರಿದ ಶಬ್ದ. "ರೌಟರ್ ಇರೋದು ಅತ್ತೆ ರೂಮಲ್ಲಿ ಕಣೇ. ಲೈನ್ ಹೋದಾಗೆಲ್ಲ ಬಾಗಿಲಲ್ಲೇ ಇಣುಕಿ ನೋಡ್ತೀನಿ. ಅಷ್ಟರಲ್ಲಿ ದೀಪ ಬಂದಿರುತ್ತೆ. ಅವರು ಕಣ್ಣು ಮುಚ್ಕೊಂಡು ಒರಗಿರ್ತಾರೆ, ಯಾಕೆ ಎಬ್ಬಿಸೋದು ಅಂತ..." ಬಾಗಿಲು ತಳ್ಳಿದ ಸದ್ದು. ಮರುಕ್ಷಣ ನನ್ನ ಕಿವಿ ಕಿತ್ತುಹೋಗುವಂತೆ ಕೂಗಿದರು.

"ಅತ್ತೇ! ಅಲ್ಲೇ ನಿಲ್ಲಿ!"

ಆಮೇಲೆ ಅಕ್ಕನೇ ಹೇಳಿದ್ದು: ಒಬ್ಬರೇ ಏಳಲೇಕೂಡದು ಎಂದು ಡಾಕ್ಟರು ಕಟ್ಟಪ್ಪಣೆ ಮಾಡಿದ್ದ ಅತ್ತೆ, ರೂಮಿನ ನಡುವೆ ವಾಕರ್ ಹಿಡಿದು ನಿಂತಿದ್ದರು. ಮಂಚದ ಪಕ್ಕದ ಬೋರ್ಡಿನಿಂದ ಕಿಟಕಿಯ ಪಕ್ಕದ ರೌಟರಿನವರೆಗೆ ನೆಲದ ಮೇಲೆ ವೈರು. ವಾಕರಿನ ಕಾಲು ಅದಕ್ಕೆ ಒಂದು ಗೇಣು ದೂರದಲ್ಲಿತ್ತು. ವೈರಿನ ಮೇಲೆ ವಾಕರ್ ಊರಿದಾಗ ಪ್ಲಗ್ಗು ಜಗ್ಗಿ ಕರೆಂಟು ಹೋಗುತ್ತಿತ್ತು, ಎತ್ತಿದಾಗ ಬರುತ್ತಿತ್ತು. ಪಕ್ಕದ ರೂಮಿನಲ್ಲಿ ಸೊಸೆಯ ಮಾತು ಕೇಳುತ್ತಿರುವಷ್ಟು ಹೊತ್ತು ನಡೆಯುವುದು, ಸೊಸೆ "ಹಲೋ, ಹಲೋ" ಎಂದು ತಡಕಾಡತೊಡಗಿದರೆ ಮಂಚಕ್ಕೆ ವಾಪಸ್ಸಾಗುವುದು. ಇದು ಅತ್ತೆಯ ಹತ್ತು ದಿನದ ಗುಟ್ಟು; ವೈರಿನವರೆಗೆ ಹೋಗುವಷ್ಟು ಕಾಲು ಬಂದದ್ದು ಮಾತ್ರ ಈ ವಾರ. ಇವತ್ತು ಸೊಸೆ ನನ್ನ ಹತ್ತಿರ ಮಾತಾಡುತ್ತಲೇ ಇದ್ದದ್ದರಿಂದ ಸಿಕ್ಕಿಬಿದ್ದಿದ್ದರು.

"ಯಾರು ಏಳು ಅಂದ್ರು ನಿಮಗೆ?" ಅಕ್ಕ ಗದರಿದರು.

"ಬೈಬೇಡ ಕಣಮ್ಮ," ಅಂದರು ಅತ್ತೆ. ಫೋನಿನಲ್ಲಿ ನನಗೆ ಸ್ಪಷ್ಟವಾಗಿ ಕೇಳಿಸಿತು. "ಆಫೀಸಿಂದ ಬರುವಾಗ ಬಾಯಿತುಂಬಾ ಕಥೆ ತರ್ತಿದ್ದೆ, ಇಬ್ಬರೂ ನಗ್ತಿದ್ವಿ. ಈಗ ನನ್ನ ಮಾತ್ರೆ ಬಿಟ್ರೆ ನಿನಗೆ ಬೇರೆ ಮಾತೇ ಇಲ್ಲ. ನಾನು ನಡೆದಾಡೋ ಹಾಗಾದ್ರೆ ನೀನು ಆಫೀಸಿಗೆ ಹೋಗ್ಬಹುದಲ್ಲ ಅಂತ."

ರೇಗಿಸಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳನ್ನೆಲ್ಲ ನಾನು ಬಿಟ್ಟುಬಿಟ್ಟೆ. ಅಕ್ಕ ಅತ್ತೆಯನ್ನು ಮಂಚದ ಮೇಲೆ ಕೂರಿಸಿ, "ಅಡಾಪ್ಟರ್ ಕಳಿಸ್ಬೇಡ ಕಣೇ," ಎಂದು ಫೋನಿಟ್ಟರು.

ಮರುದಿನವೇ ವೈರು ಗೋಡೆಗೆ ಏರಿತು. ಐದನೆಯ ಸಲ ಲೈನ್ ಕಡಿಯಲಿಲ್ಲ. ದಿನಾ ಎರಡು ಹೊತ್ತು ಅಕ್ಕನೇ ಪಕ್ಕದಲ್ಲಿದ್ದು ಅತ್ತೆಯನ್ನು ನಡೆಸಿದರು. ಎರಡು ತಿಂಗಳಾದ ಮೇಲೆ ಡಾಕ್ಟರು ಇನ್ನು ಒಬ್ಬರೇ ನಡೆಯಲಿ ಅಂದರು, ಅತ್ತೆ ಹೊರಡು ಅಂದರು, ಅಕ್ಕ ಆಫೀಸಿಗೆ ಬಂದರು.

ಈಗ ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಅತ್ತೆ ಕೊರಳಿಗೆ ಹಾಕಿಕೊಂಡಿರುವ ಮೊಬೈಲಿಗೆ ಫೋನ್ ಮಾಡುತ್ತಾರೆ. ಹೇಗಿದ್ದೀರಿ, ನಡೆದಿರಾ ಎಂದೆಲ್ಲ ಕೇಳುವುದಿಲ್ಲ. "ಅತ್ತೆ, ಗೇಟಿನ ಹತ್ತಿರದ ಗಿಡದಲ್ಲಿ ಎಷ್ಟು ಮೊಗ್ಗಿದೆ, ಎಣಿಸಿ ಹೇಳಿ" ಅನ್ನುತ್ತಾರೆ.

"ಮೊಗ್ಗಿನ ಲೆಕ್ಕ ನಿಮಗ್ಯಾಕೆ ಅಕ್ಕ?" ಎಂದು ಒಮ್ಮೆ ಕೆಣಕಿದೆ. ಸುಮ್ಮನಿರು ಎಂದು ಸನ್ನೆ ಮಾಡಿ ಫೋನನ್ನು ನನ್ನ ಕಿವಿಗೆ ಹಿಡಿದರು. ಟಪ್, ಟಪ್ ಎಂದು ವಾಕರ್ ನಡೆಯುತ್ತಿತ್ತು.

"ಏಳು," ಅಂದರು ಅತ್ತೆ, ಏದುಸಿರು ಬಿಡುತ್ತ.

ಅಕ್ಕ ಫೋನ್ ಕಸಿದುಕೊಂಡರು. "ನಿನ್ನೆ ಎಂಟು ಅಂದಿದ್ರಿ?"

"ಒಂದು ಅರಳಿದೆ ಕಣಮ್ಮ. ಎದ್ದು ಬಂದೇ ನೋಡ್ತಾ ಇದೀನಿ."