ಹಸನಬಿ ಚಾಚಿ ತಂದ ಬುಗ್ಗೆಯ ನೀರು

ಕುಂದಗೋಳದ ನಮ್ಮ ಓಣಿಯಲ್ಲಿ ಹುಟ್ಟಿದ ಕೂಸುಗಳೆಲ್ಲ ಪಕ್ಕದ ಮನೆಯ ಹಸನಬಿ ಚಾಚಿಯ ಕಾಲ ಮೇಲೆ ಮಲಗಿ ಎರೆಸಿಕೊಂಡವೇ. ಬಚ್ಚಲಲ್ಲಿ ಮಣೆ ಹಾಕಿ ಕೂತು, ಎರಡೂ ಕಾಲು ನೀಡಿ, ನಡುವಿನ ತಗ್ಗಿನಲ್ಲಿ ಕೂಸನ್ನು ಮಲಗಿಸಿಕೊಂಡು ಎಣ್ಣೆ ತಿಕ್ಕಿ ಎರೆಯುತ್ತಿದ್ದಳು. ಯಾರು ಕರೆದರೂ ಇಲ್ಲವೆಂದವಳಲ್ಲ.

ಕಡೆಗೆ ಆ ಮೊಣಕಾಲುಗಳೇ ಕೈಕೊಟ್ಟವು. ಹುಬ್ಬಳ್ಳಿಯ ಗುಳಿಗೆ ನುಂಗಿದರೆ ಹೊಟ್ಟೆ ಉರಿಯುತ್ತಿತ್ತೇ ಹೊರತು ನೋವು ಇಳಿಯುತ್ತಿರಲಿಲ್ಲ. ನಮಾಜನ್ನು ಸ್ಟೂಲಿನ ಮೇಲೆ ಕೂತೇ ಮಾಡುತ್ತಿದ್ದಳು. ಒಮ್ಮೆಯಾದರೂ ಮತ್ತೆ ನೆಲಕ್ಕೆ ಹಣೆ ಹಚ್ಚಬೇಕೆಂಬುದೇ ಅವಳ ಆಸೆ.

ಅವಳ ತಮ್ಮ ಸಿರಾಜುದ್ದೀನ ಮಸ್ಕತ್ತಿನಲ್ಲಿ ಸಾಹುಕಾರನೊಬ್ಬನ ಕಾರು ನಡೆಸುತ್ತಿದ್ದ. ಅಲ್ಲಿ ಗುಡ್ಡದ ಬುಡದಲ್ಲಿ ಬಿಸಿನೀರಿನ ಬುಗ್ಗೆಯಿದೆ, ಕೀಲುನೋವಿನವರು ಅದರಲ್ಲಿ ಕೂತು ಗುಣವಾಗುತ್ತಾರೆ ಎಂದು, ಸಾಹುಕಾರನಿಂದಲೇ ವೀಸಾ ಮಾಡಿಸಿ ಎಂಬತ್ತಾರರಲ್ಲಿ ಅಕ್ಕನನ್ನು ಕರೆದೊಯ್ದ. ನಾನಾಗ ತುಂಬಿದ ಬಸುರಿ. ತಾಯಿಯಿಲ್ಲದ್ದರಿಂದ ನನ್ನ ಬಾಣಂತನ ಗಂಡನ ಮನೆಯಲ್ಲೇ ಆಗಬೇಕಿತ್ತು.

"ನಿನ್ನ ಕೂಸಿಗೆ ಎರಿಯಾಕ ನಾ ಇರಂಗಿಲ್ಲಲ್ಲ ಬೇ," ಎಂದು ಸ್ಟೇಷನ್ನಿನಲ್ಲಿ ಕಣ್ಣೊರೆಸಿಕೊಂಡಳು.

ತಿರುಗಿ ಬಂದಾಗ ಸ್ಟೇಷನ್ನಿನಿಂದ ಮನೆತನಕ ನಡೆದೇ ಬಂದಳು. ಆ ಸಂಜೆ ಹಿತ್ತಲ ಗೋಡೆಯ ಮೇಲಿಂದ ನೋಡಿದೆ. ಚಾಪೆಯ ಮೇಲೆ ಮೊಣಕಾಲೂರಿ ಹಣೆಯನ್ನು ನೆಲಕ್ಕೆ ಹಚ್ಚಿದ್ದಳು, ಬಹಳ ಹೊತ್ತು ಎತ್ತಲಿಲ್ಲ. ಬುಗ್ಗೆಯ ನೀರನ್ನೂ ಒಂದು ಕ್ಯಾನಿನಲ್ಲಿ ತಂದಿದ್ದಳು, ದಿನಾ ಕಾಸಿ ಬಟ್ಟೆ ಅದ್ದಿ ಮೊಣಕಾಲಿಗೆ ಹಾಕಲೆಂದು. ಹಸಿ ನೆಲದಲ್ಲಿ ಕೂರಲೇಬಾರದೆಂದು ತಮ್ಮ ತಾಕೀತು ಮಾಡಿದ್ದನಂತೆ.

ನನ್ನ ಮಗಳಿಗೆ ಆಗ ಎರಡು ತಿಂಗಳು, ಹಗಲೂ ರಾತ್ರಿ ಅಳು. ಪುಸ್ತಕದಲ್ಲಿ ಓದಿಕೊಂಡು ನಾನೇ ಟಬ್ಬಿನಲ್ಲಿ ಸ್ನಾನ ಮಾಡಿಸುತ್ತಿದ್ದೆ, ಜಾರೀತೆಂದು ಎರಡೇ ತಂಬಿಗೆಗೆ ಎತ್ತಿಬಿಡುತ್ತಿದ್ದೆ. ಮರುದಿನ ಮಧ್ಯಾಹ್ನದ ನಮಾಜು ಮುಗಿಸಿ ಚಾಚಿ ಕ್ಯಾನು ಹಿಡಿದು ಬಂದಳು. ಬೇಡವೆನ್ನುವಷ್ಟರಲ್ಲಿ ಮಣೆಯ ಮೇಲೆ ಕೂತಾಗಿತ್ತು.

"ಆ ಬುಗ್ಗಿ ಬಾಜೂಕೂ ಒಂದು ಅರಬರ ಕೂಸಿಗೆ ಎರದ ಬಂದೀನಿ. ಅವರವ್ವನೂ ನಿನ್ನಂಗ ಅಂಜಬುರಕಿ," ಎನ್ನುತ್ತ ಕ್ಯಾನನ್ನು ಹಂಡೆಗೆ ಬಗ್ಗಿಸಿದಳು.

"ಚಾಚಿ, ಅದು ನಿಮ್ಮ ಮಣಕಾಲಿಗೆ ತಂದಿದ್ದರಿ."

"ಕೂಸು ಇಷ್ಟು ಅಳಾಕತ್ತೈತಿ, ಮಣಕಾಲ ತಗೊಂಡ ಏನ ಮಾಡ್ಲೇ?"

ಕ್ಯಾನು ಪೂರ್ತಿ ಬರಿದಾಯಿತು. ಆ ದಿನ ಮಗಳು ದೀಪ ಹಚ್ಚುವತನಕ ಮಲಗಿದಳು. ನಾನೂ ಮಲಗಿದೆ.

ಮರುದಿನ ನಾನು ಕರೆಯಲಿಲ್ಲ. ಹಿತ್ತಲ ಬಾಗಿಲನ್ನು ಮಾತ್ರ ತೆರೆದಿಟ್ಟೆ. ಆಮೇಲೆ ದಿನಾ ತೆರೆದಿಟ್ಟೆ, ಚಾಚಿ ದಿನಾ ಬಂದು ಹಸಿ ಬಚ್ಚಲಲ್ಲಿ ಕೂತು ಎರೆದಳು.

ಶ್ರಾವಣದ ಜಿಟಿಜಿಟಿ ಹಿಡಿದ ಮೇಲೆ ಒಂದು ಮಧ್ಯಾಹ್ನ, ನಮಾಜಿನ ಹೊತ್ತಿಗೆ, ಗೋಡೆಯಾಚೆ ಸ್ಟೂಲು ಎಳೆದ ಸಪ್ಪಳ ಕೇಳಿಸಿತು. ಇಣುಕಿ ನೋಡುವ ಧೈರ್ಯ ನನಗಾಗಲಿಲ್ಲ. ಹಂಡೆಯ ಒಲೆಗೆ ಇನ್ನೊಂದು ಕಟ್ಟಿಗೆ ನೂಕಿದೆ.

ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದುಕೊಂಡು ಚಾಚಿ ಬಂದಳು.

"ನೀರು ಕಾದಾವೇನ?"

"ಕಾದಾವ್ರಿ," ಎಂದೆ.